ಅರ ಜಾರಬೇಕು, ಕಚ್ಚಬಾರದು

ಎಂಜಿನ್ನಿನಿಂದ ಬಸಿದ ಎಣ್ಣೆಯನ್ನು ನಾನು ಯಾವಾಗಲೂ ಒಂದು ಬಿಳಿ ಪ್ಲಾಸ್ಟಿಕ್ ಟ್ರೇಗೆ ಬಿಡುತ್ತೇನೆ. ಎಣ್ಣೆಯ ಜೊತೆ ಬೇರೆ ಏನಾದರೂ ಬಂದರೆ ಬಿಳಿಯ ಮೇಲೆ ಬೇಗ ಕಾಣುತ್ತದೆ. ಆವತ್ತು ಕಂಡಿತು. ಟ್ರೇಯನ್ನು ಸ್ವಲ್ಪ ಅಲುಗಾಡಿಸಿದರೆ ಕಪ್ಪು ಎಣ್ಣೆಯೊಳಗೆ ಬೆಳ್ಳಿ ಬಣ್ಣದ ಒಂದು ಮೋಡ ಸುತ್ತುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ. ಮರಳಿನ ಹಾಗೆ ಚುಚ್ಚಲಿಲ್ಲ, ಮಿನುಗುವ ಪುಡಿಯ ಹಾಗೆ ಅಂಟಿಕೊಂಡಿತು. ಟ್ರೇಯ ಅಡಿಗೆ ಮ್ಯಾಗ್ನೆಟ್ ಹಿಡಿದೆ. ಮೋಡ ಮೆಲ್ಲಗೆ ಬಂದು ಅಲ್ಲೇ ಗಡ್ಡ ಬೆಳೆದ ಹಾಗೆ ನಿಂತಿತು.

ಮ್ಯಾಗ್ನೆಟ್ಟಿಗೆ ಬಂತು ಅಂದರೆ ಅಲ್ಯೂಮಿನಿಯಂ ಅಲ್ಲ, ಕಂಚೂ ಅಲ್ಲ. ಉಕ್ಕು. ಪೂರ್ತಿ ಬಿಚ್ಚಿ, ತೊಳೆದು, ಹೊಸ ಪಾರ್ಟ್ ಹಾಕಿ ನಾನೇ ಕಟ್ಟಿದ ಎಂಜಿನ್ ಅದು. ಹಳೆ ಕಾಲದ 350 ಸಿಸಿ ಬೈಕಿನದು, ಸಿಂಗಲ್ ಸಿಲಿಂಡರ್, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಕಟ್ಟಿದ ಮೇಲೆ ಓಡಿದ್ದು ಬರೀ 600 ಕಿಲೋಮೀಟರ್.

ಸುಳಿವು ಮೊದಲೇ ಸಿಕ್ಕಿತ್ತು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಎಂಜಿನ್ನಿನ ವಾಲ್ವನ್ನು ತಳ್ಳಿ ತೆರೆಯುವ ಟ್ಯಾಪೆಟ್ಟಿನಿಂದ ಸದ್ದು ಬರುತ್ತಿತ್ತು. ಅಡ್ಜಸ್ಟ್ ಮಾಡಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ಮೂರು ಸಲ ಹೀಗಾಯಿತು. ವಾಲ್ವ್ ಸೀಟಿನಲ್ಲಿ ಕೂತು ಕೂತು ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ತಳ್ಳುವುದಕ್ಕೂ ನಡುವಿನ ಸಂದು) ಕಮ್ಮಿಯಾಗುವುದು ಸಹಜ. ಪದೇ ಪದೇ ಜಾಸ್ತಿ ಆಗುತ್ತಿದೆ ಅಂದರೆ ಎಲ್ಲೋ ಏನೋ ಸವೆಯುತ್ತಿದೆ ಅಂತ ಅರ್ಥ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ "ಎಲ್ಲಾ ಹೊಸದು ಹಾಕಿದ್ದೀನಲ್ಲ" ಅನ್ನೋ ಧೈರ್ಯ ಒಂದಿತ್ತು ನೋಡಿ, ಅದು ಯೋಚನೆ ಮಾಡೋಕೆ ಬಿಡಲಿಲ್ಲ.

ಟೈಮಿಂಗ್ ಕವರ್ ತೆಗೆದು ಎಕ್ಸಾಸ್ಟ್ ಕ್ಯಾಮನ್ನು, ಅಂದರೆ ಹೊಗೆ ಹೊರಹೋಗುವ ವಾಲ್ವನ್ನು ತೆರೆಸುವ ಉಬ್ಬುಚಕ್ರವನ್ನು, ಹೊರಗೆ ಎಳೆದೆ. ಕ್ಯಾಮಿನ ಮೂಗು ಅಂತ ಇರುತ್ತದಲ್ಲ, ಟ್ಯಾಪೆಟ್ಟನ್ನು ಮೇಲಕ್ಕೆ ಎತ್ತುವ ತುದಿ, ಅದು ಚಪ್ಪಟೆಯಾಗಿತ್ತು. ಮೇಲೆಲ್ಲ ಉಗುರಿನಲ್ಲಿ ಕೆರೆದ ಹಾಗೆ ಗೆರೆ. ಮೈಕ್ರೋಮೀಟರ್ ಹಿಡಿದರೆ ಒಂದು ಮಿಲಿಮೀಟರಿಗಿಂತ ಜಾಸ್ತಿ ಮಾಯ. ಅದೆಲ್ಲ ಎಣ್ಣೆಯ ಜೊತೆ ಸೇರಿ ಬೇರಿಂಗ್, ಪಂಪ್, ಬೋರ್ (ಪಿಸ್ಟನ್ ಓಡುವ ಕೊಳವೆ) ಎಲ್ಲಾ ಕಡೆ ಒಂದು ಸುತ್ತು ಹೊಡೆದು ಬಂದಿತ್ತು.

ಲೇತ್ ಕೆಲಸ ಮಾಡಿಕೊಡುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಯಜಮಾನ್ರು ಅಂತಲೇ ಕರೆಯೋದು. ಕ್ಯಾಮ್ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಅವರು ಅದನ್ನು ನೋಡಲೂ ಇಲ್ಲ, "ಹಳೇದು ಎಲ್ಲಿ?" ಅಂದರು. ಪುಣ್ಯಕ್ಕೆ ಬಿಸಾಕಿರಲಿಲ್ಲ. ಮೂಗಿನ ಮೇಲೆ ಸೂಜಿ ಚುಚ್ಚಿದ ಹಾಗೆ ನಾಲ್ಕೈದು ಸಣ್ಣ ಗುಳಿ ಇದ್ದವು ಅಂತ ಅದನ್ನು ತೆಗೆದು ಡಬ್ಬಿಗೆ ಹಾಕಿದ್ದೆ.

ಯಜಮಾನ್ರು ಡ್ರಾಯರಿನಿಂದ ಒಂದು ಸಣ್ಣ ಅರ ತೆಗೆದರು. ಹಳೆ ಕ್ಯಾಮನ್ನು ವೈಸಿಗೆ ಕಚ್ಚಿಸಿ, ಕೆಲಸಕ್ಕೆ ಬಾರದ ಒಂದು ಪಕ್ಕದ ಅಂಚಿನ ಮೇಲೆ ಅರ ಎಳೆದರು. ಗಾಜಿನ ಮೇಲೆ ಎಳೆದ ಹಾಗೆ ಕಿರ್ ಅಂತ ಜಾರಿಹೋಯಿತು. ಗುರುತೂ ಬೀಳಲಿಲ್ಲ. ಆಮೇಲೆ ಹೊಸ ಕ್ಯಾಮ್ ಹಿಡಿದರು. ಅರ ಕಚ್ಚಿತು. ಒಂದೇ ಎಳೆತಕ್ಕೆ ಹೊಳೆಯುವ ಪುಡಿ ಉದುರಿತು.

"ಇದನ್ನ ಒಲೆಗೇ ತೋರಿಸಿಲ್ಲ ಇವರು," ಅಂದರು. "ತೋರಿಸಿದ್ರೂ ಬಾಗಿಲಿಂದ ತೋರಿಸಿ ವಾಪಸ್ ಕರ್ಕೊಂಡು ಬಂದಿದಾರೆ."

ಅರದ ಹಲ್ಲು, ಲೋಹದ ಗಟ್ಟಿತನ ಹೇಳುವ ರಾಕ್‌ವೆಲ್ ಸಿ ಅಳತೆಯಲ್ಲಿ, 60ರ ಮೇಲಿರುತ್ತದೆ. ಗಟ್ಟಿ ಮಾಡಿದ ಒಳ್ಳೆ ಕ್ಯಾಮಿನ ಮೈ ಸುಮಾರು 58, 60ರ ಆಸುಪಾಸು. ಅದಕ್ಕೇ ಅರ ಜಾರುತ್ತದೆ. ಕ್ಯಾಮಿಗೆ ಈ ಗಟ್ಟಿತನ ಇಡೀ ಮೈಗೆ ಬೇಕಾಗಿಲ್ಲ, ಇಡೀ ಮೈಗೆ ಕೊಟ್ಟರೆ ಮುರಿಯುವ ಭಯ. ಮೇಲಿನ ಒಂದು ಮಿಲಿಮೀಟರ್ ಆಸುಪಾಸು ಗಟ್ಟಿಯಾಗಿದ್ದು ಒಳಗೆ ತಾಳಿಕೆ ಇರಬೇಕು. ಅದಕ್ಕೆ ಸರಿಯಾದ ಉಕ್ಕು ಬೇಕು, ಬೇಕಾದಷ್ಟು ಹೊತ್ತು ಕಾಯಿಸಬೇಕು, ಬೇಕಾದ ಹಾಗೆ ತಣಿಸಬೇಕು, ಆಮೇಲೆ ಗ್ರೈಂಡ್ ಮಾಡಬೇಕು. ಇದರಲ್ಲಿ ಯಾವ ಒಂದನ್ನು ಬಿಟ್ಟರೂ ಕ್ಯಾಮ್ ನೋಡಲು ಹಾಗೇ ಇರುತ್ತದೆ. ಅದೇ ಹೊಳಪು, ಅದೇ ಆಕಾರ. ಎಂಜಿನ್ 4000 ಸುತ್ತಿನಲ್ಲಿದ್ದರೆ ಕ್ಯಾಮ್ ನಿಮಿಷಕ್ಕೆ 2000 ಸುತ್ತು. ಅಂದರೆ ವಾಲ್ವ್ ಸ್ಪ್ರಿಂಗಿನ ಅಷ್ಟೂ ಭಾರ ಹೊತ್ತ ಟ್ಯಾಪೆಟ್ ಆ ಮೂಗಿನ ಮೇಲೆ ನಿಮಿಷಕ್ಕೆ 2000 ಸಲ ಉಜ್ಜಿಕೊಂಡು ಹೋಗುತ್ತದೆ. ಮೆತ್ತನೆ ಉಕ್ಕು ಎಷ್ಟು ದಿನ ತಡೆಯುತ್ತದೆ ಪಾಪ.

ಹಳೆ ಕ್ಯಾಮಿನ ಗುಳಿಗಳನ್ನು ಯಜಮಾನ್ರು ಕನ್ನಡಕ ಮೇಲೆತ್ತಿ ನೋಡಿದರು. "ಇದನ್ನ ಯಾಕೆ ತೆಗೆದ್ರಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸದು ಸಿಗುತ್ತಿತ್ತು, ಹೇಗೂ ಬಿಚ್ಚಿದ್ದೀನಿ ಅಂತ ಹಾಕಿದೆ. ಅಷ್ಟೇ.

ಹಳೆ ಬೈಕ್ ಕಟ್ಟುವವರೆಲ್ಲ ಒಮ್ಮೆಯಾದರೂ ಬೀಳುವ ಹಳ್ಳ ಇದು. ಹೇಗೂ ಬಿಚ್ಚಿದ್ದೀವಿ, ಇದನ್ನೂ ಬದಲಾಯಿಸೋಣ. ಹೊಸ ಬೈಕಿನ ವಿಷಯದಲ್ಲಿ ಇದು ಸರಿಯಾದ ಬುದ್ಧಿಯೇ. ಹಳೆಯದರಲ್ಲಿ ಲೆಕ್ಕ ಬೇರೆ. ಇಲ್ಲಿ ಸವೆದ ಒಳ್ಳೆ ಪಾರ್ಟ್ ತೆಗೆದು ಸವೆಯದ ಕೆಟ್ಟ ಪಾರ್ಟ್ ಹಾಕುವ ಸಾಧ್ಯತೆ ಯಾವಾಗಲೂ ಇರುತ್ತದೆ.

ಯಾಕೆ ಹೀಗಾಗುತ್ತದೆ ಅಂತ ನೋಡಿದರೆ ಪೂರ್ತಿ ಮೋಸ ಅನ್ನೋಕೂ ಆಗಲ್ಲ. ಎಷ್ಟೋ ಹಳೆ ಎಂಜಿನ್ನುಗಳನ್ನು ಮಾಡಿದ ಕಾರ್ಖಾನೆಗಳೇ ಇವತ್ತಿಲ್ಲ. ಡ್ರಾಯಿಂಗುಗಳು ಎಲ್ಲಿ ಹೋದವೋ. ಈಗ ಪಾರ್ಟ್ ಮಾಡಬೇಕು ಅಂದವರು ಒಂದು ಹಳೆ ಪಾರ್ಟನ್ನೇ ತಂದು ಅಳೆಯಬೇಕು. ಆ ಹಳೆ ಪಾರ್ಟ್ ಎಲ್ಲಿಂದ ಬಂತು? ಯಾವುದೋ ಎಂಜಿನ್ನಿನಿಂದ ಸವೆದು ಹೊರಗೆ ಬಂದದ್ದು ತಾನೆ. ಹಾಗಾಗಿ ಪಾರ್ಟಿನ ಜೊತೆ ಅದರ ಸವೆತವೂ ಕಾಪಿ ಆಗುತ್ತದೆ. ನನ್ನ ಹತ್ತಿರ ಒಂದು ಹೊಸ ರಾಕರ್ ಶಾಫ್ಟ್ (ವಾಲ್ವ್ ಒತ್ತುವ ಸನ್ನೆ ಕೂರುವ ಸರಳು) ಇದೆ, ಪ್ಯಾಕೆಟ್ ಒಡೆದದ್ದು ನಾನೇ. ಸವೆಯದ ಹಳೆ ಶಾಫ್ಟಿಗಿಂತ ಅದು 2 ಥೌ ಸಣ್ಣ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 0.0254 ಮಿಲಿಮೀಟರ್. 2 ಥೌ ಅಂದರೆ ತಲೆಕೂದಲಿನ ದಪ್ಪಕ್ಕೂ ಕಮ್ಮಿ. ಆದರೆ ಎಣ್ಣೆಯ ಪದರ ನಿಲ್ಲಬೇಕಾದ ಜಾಗದಲ್ಲಿ ಅದು ದೊಡ್ಡ ಬಾಗಿಲು. ಹುಟ್ಟುವಾಗಲೇ ಮುದುಕ ಆ ಶಾಫ್ಟ್.

ಸ್ಯಾಂಪಲ್ಲು ಹೊಸದೇ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಅದು ಹೇಳುವುದು ಒಂದು ಅಳತೆ ಮಾತ್ರ. ಡ್ರಾಯಿಂಗಿನಲ್ಲಿ ಎರಡು ಇರುತ್ತವೆ: ಇದಕ್ಕಿಂತ ದೊಡ್ಡದಾಗಬಾರದು, ಇದಕ್ಕಿಂತ ಸಣ್ಣದಾಗಬಾರದು. ಆ ಎರಡರ ನಡುವಿನ ಜಾಗದಲ್ಲೇ ಎಂಜಿನ್ನಿನ ಪ್ರಾಣ ಇರೋದು. ಒಂದು ಪಾರ್ಟನ್ನು ಎಷ್ಟು ಸಲ ಅಳೆದರೂ ಆ ಜಾಗ ಎಷ್ಟು ಅಗಲ ಅಂತ ಗೊತ್ತಾಗಲ್ಲ. ಇನ್ನು ಯಾವ ಲೋಹ, ಎಷ್ಟು ಕಾಯಿಸಿದ್ದು ಅನ್ನೋದು ವರ್ನಿಯರಿಗೆ ಸಿಗುವ ಸಂಗತಿಯೇ ಅಲ್ಲ. ಅದಕ್ಕೆ ಲ್ಯಾಬ್ ಬೇಕು, ಖರ್ಚು ಬೇಕು. ನೂರಿನ್ನೂರು ಪೀಸ್ ಮಾಡುವವನು ಎಷ್ಟು ಅಂತ ಸುರೀತಾನೆ?

ಪಿಸ್ಟನ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಾನು ಜಾಸ್ತಿ ಕಲಿತದ್ದು ಅಲ್ಲಿ. ಪಿಸ್ಟನ್ ಗುಂಡಗಿರುತ್ತದೆ ಅಂತ ಬಹಳ ವರ್ಷ ನಂಬಿದ್ದೆ. ಒಳ್ಳೆ ಪಿಸ್ಟನ್ ಗುಂಡಗಿರುವುದಿಲ್ಲ. ಗಜನ್ ಪಿನ್, ಅಂದರೆ ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್, ಹೋಗುವ ದಿಕ್ಕಿನಲ್ಲಿ ಸ್ವಲ್ಪ ಸಣ್ಣ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಸ್ವಲ್ಪ ದೊಡ್ಡ. ಅಂದರೆ ಮೊಟ್ಟೆಯಾಕಾರ. ಮೇಲಿನಿಂದ ಕೆಳಕ್ಕೂ ಒಂದೇ ಅಳತೆ ಇಲ್ಲ, ತಲೆ ಸಣ್ಣ, ಕೆಳಗಿನ ಭಾಗ, ಅಂದರೆ ಸ್ಕರ್ಟ್, ದೊಡ್ಡ. ಕಾರಣ ಬಿಸಿ. ಪಿನ್ ಕೂರುವ ಕಡೆ ಲೋಹ ದಪ್ಪ, ಅಲ್ಲಿ ಜಾಸ್ತಿ ಹಿಗ್ಗುತ್ತದೆ. ತಲೆಗೆ ಬೆಂಕಿ ನೇರವಾಗಿ ತಾಗುತ್ತದೆ, ಅದೂ ಜಾಸ್ತಿ ಹಿಗ್ಗುತ್ತದೆ. ತಣ್ಣಗಿದ್ದಾಗ ಡೊಂಕಾಗಿದ್ದದ್ದು ಬಿಸಿಯಾದಾಗ ನೇರವಾಗಲಿ ಅಂತ ಮೊದಲೇ ಲೆಕ್ಕ ಹಾಕಿ ಕಡೆದಿರುತ್ತಾರೆ. ಬರಿಗಣ್ಣಿಗೆ ಇದೇನೂ ಕಾಣಲ್ಲ.

ನನ್ನ ಕೈಗೆ ಒಂದು ಸಲ ಸಿಕ್ಕಿದ ಪಿಸ್ಟನ್ ಎಲ್ಲಾ ಕಡೆಯಿಂದಲೂ ಒಂದೇ ಅಳತೆ. ಬಾಟಲಿ ಹಾಗೆ ಗುಂಡಗೆ. ಲೇತಿನಲ್ಲಿ ಹಾಗೆ ತಿರುಗಿಸುವುದೇ ಸುಲಭ. ಹೊಳೀತಿತ್ತು ಬೇರೆ, ಪೆಟ್ಟಿಗೆಯ ಮೇಲೆ ಹೊಲೋಗ್ರಾಮ್ ಸ್ಟಿಕ್ಕರೂ ಇತ್ತು. (ಪಾರ್ಟ್ ಕೆಟ್ಟಷ್ಟೂ ಪೆಟ್ಟಿಗೆ ಚೆನ್ನಾಗಿರುತ್ತದೆ ಅಂತ ನನಗೊಂದು ಅನುಮಾನ ಇದೆ. ಒಳ್ಳೆ ಪಾರ್ಟುಗಳು ಬಹಳ ಸಲ ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಬಂದಿವೆ.) ಮನೆಯ ಅಡುಗೆ ತಕ್ಕಡಿಯಲ್ಲಿ ಕದ್ದು ತೂಗಿದೆ. ಹಳೆಯದಕ್ಕಿಂತ 34 ಗ್ರಾಂ ಜಾಸ್ತಿ. ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ತೂಕವನ್ನು ಇಂಥ ಪಿಸ್ಟನ್ನಿಗೆ ಅಂತಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಇಷ್ಟು ಭಾರ ಮೇಲೆ ಕೆಳಗೆ ಹಾರಿದರೆ ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿಯುತ್ತದೆ.

ಲೋಹದ್ದು ಇನ್ನೊಂದು ಕಥೆ. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಬೋರ್ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂದು, ಹಾಗಾಗಿ ಜಗಳ ಗ್ಯಾರಂಟಿ. ಆ ಜಗಳ ಕಮ್ಮಿ ಮಾಡಲು ಪಿಸ್ಟನ್ ಲೋಹಕ್ಕೆ ಸುಮಾರು 12 ಶೇಕಡಾ ಸಿಲಿಕಾನ್ ಸೇರಿಸುತ್ತಾರೆ. ಸಿಲಿಕಾನ್ ಇದ್ದರೆ ಹಿಗ್ಗುವುದು ಕಮ್ಮಿ. ಸಿಕ್ಕಿದ ಗುಜರಿ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದರೆ ಎಷ್ಟು ಹಿಗ್ಗುತ್ತದೆ ಅಂತ ಯಾರಿಗೂ ಹೇಳಲು ಬರಲ್ಲ. ನೀವು ಪುಸ್ತಕದಲ್ಲಿದ್ದ ಹಾಗೆ ಗ್ಯಾಪ್ ಕೊಟ್ಟು ಬೋರ್ ಮಾಡಿಸಿರುತ್ತೀರಿ. ಮೊದಲ ಉದ್ದ ಏರಿನಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ. ಆಮೇಲೆ "ಬೋರ್ ಮಾಡಿದವನು ಟೈಟ್ ಮಾಡಿಬಿಟ್ಟ" ಅಂತ ಪಾಪದ ಮನುಷ್ಯನಿಗೆ ಬೈಗುಳ.

ಪಿಸ್ಟನ್ ಜೊತೆ ಬರುವ ಸರ್‌ಕ್ಲಿಪ್ಪನ್ನು, ಪಿನ್ ಲಾಕ್ ಅಂತೀವಲ್ಲ, ಅದನ್ನು ಈಗ ನಾನು ಮೊದಲು ಬೆರಳಲ್ಲಿ ಒತ್ತಿ ಬಿಡುತ್ತೇನೆ. ಸ್ಪ್ರಿಂಗ್ ಉಕ್ಕಾದರೆ ಟಪ್ ಅಂತ ಮೊದಲಿನ ಆಕಾರಕ್ಕೆ ಬರಬೇಕು. ಒತ್ತಿದ ಹಾಗೇ ಉಳಿದರೆ ಅದು ಬರೀ ತಂತಿ. ಅದು ಓಡುವಾಗ ಜಾರಿ ಬಂತೋ, ಬೋರಿನಲ್ಲಿ ಉದ್ದಕ್ಕೂ ಕಾಲುವೆ.

ನನ್ನ ತಾಳ್ಮೆಯನ್ನು ಎಲ್ಲಕ್ಕಿಂತ ಹೆಚ್ಚು ತಿಂದದ್ದು ಮಾತ್ರ ಎಂಜಿನ್ನಿನ ಒಳಗಿನ ಪಾರ್ಟ್ ಅಲ್ಲ. ಕಿಡಿ ಹುಟ್ಟಿಸುವ ಸರ್ಕ್ಯೂಟಿನಲ್ಲಿ ಕೂರುವ, ಹೆಬ್ಬೆರಳಿನಷ್ಟಿರುವ ಕಂಡೆನ್ಸರ್.

ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಕೆಮ್ಮಿ, ಎರಡು ಸಲ ಪಟಾರ್ ಅಂದು, ನಿಲ್ಲುತ್ತದೆ. ಅರ್ಧ ಗಂಟೆ ನೆರಳಲ್ಲಿ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ನಾನು ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿದೆ. ಪೆಟ್ರೋಲ್ ಟ್ಯಾಪ್ ತೊಳೆದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದೆಯಾ ನೋಡಿದೆ. ಪ್ಲಗ್ ಬದಲಾಯಿಸಿದೆ. ಕಾಯಿಲ್ ಬದಲಾಯಿಸಿದೆ. ಕಂಡೆನ್ಸರ್ ಕಡೆ ಕೈ ಹೋಗಲೇ ಇಲ್ಲ, ಯಾಕೆಂದರೆ ಅದು ಹೊಸದು! ಕೊನೆಗೆ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ತುಂಡರಿಸುವ ಸ್ವಿಚ್) ಕವರ್ ತೆಗೆದು ಎಂಜಿನ್ ಬಿಸಿಯಿದ್ದಾಗ ನೋಡಿದರೆ ಪಾಯಿಂಟಿನ ನಡುವೆ ದಪ್ಪ ನೀಲಿ ಕಿಡಿ ಕುಣಿಯುತ್ತಿತ್ತು. ಕಂಡೆನ್ಸರ್ ಸರಿಯಿದ್ದರೆ ಅಲ್ಲಿ ಅಂಥ ಕಿಡಿ ಇರಬಾರದು, ಅದು ಪ್ಲಗ್ಗಿಗೆ ಹೋಗಬೇಕಾದ ಕಿಡಿ. ಇನ್ನೊಂದು ಹೊಸ ಕಂಡೆನ್ಸರ್ ಹಾಕಿದೆ. ಅದು ನಲವತ್ತು ನಿಮಿಷ ಬಾಳಿತು. ಮೂರನೆಯದು ಶುರುವಿನಿಂದಲೇ ಇಲ್ಲ. ಡಬ್ಬಿಯಿಂದ ತುಕ್ಕು ಹಿಡಿದ ಹಳೆಯದನ್ನು ಹುಡುಕಿ ತೆಗೆದು ಹಾಕಿದೆ. ಇವತ್ತಿಗೂ ಅದೇ ಓಡುತ್ತಿದೆ.

ಒಳಗೆ ಇರುವುದು ಲೋಹದ ತೆಳು ಹಾಳೆ ಮತ್ತು ಅದರ ನಡುವೆ ಕಾಗದದಂಥ ಪದರ, ಸುರುಳಿ ಸುತ್ತಿ ಡಬ್ಬಿಯಲ್ಲಿ ತುಂಬಿದ್ದು. ಸುಮಾರು 0.2 ಮೈಕ್ರೋಫ್ಯಾರಡ್. ಸುತ್ತುವಾಗ ಒಳಗೆ ತೇವ ಉಳಿದರೆ, ತಂತಿಯ ಜೋಡಣೆ ಸಡಿಲವಿದ್ದರೆ, ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಕೈ ಕೊಡುತ್ತದೆ. ಮೇಜಿನ ಮೇಲೆ ಮೀಟರ್ ಹಿಡಿದರೆ ಪಾಸ್. ಅದಕ್ಕೇ ಈ ಕಾಯಿಲೆ ಹಿಡಿಯುವುದು ಕಷ್ಟ. ಹೊಸ ಪಾರ್ಟ್ ಮಾಡುವ ದೊಡ್ಡ ಹಾನಿ ಕೆಡುವುದಲ್ಲ ಅಂತ ನನಗೆ ಅವತ್ತು ಅನಿಸಿತು. ನಾವು ಅನುಮಾನ ಪಡುವವರ ಪಟ್ಟಿಯಿಂದ ಅದು ಸುಮ್ನೆ ಹೊರಗೆ ನಿಂತುಬಿಡುತ್ತದೆ. ಪಾಯಿಂಟಿನದೂ ಹೀಗೇ. ಅದನ್ನು ತೆರೆಯುವ ಬೇರೊಂದು ಸಣ್ಣ ಕ್ಯಾಮಿಗೆ ಒರಗುವ ಹಿಮ್ಮಡಿ ಮೆತ್ತಗಿದ್ದರೆ ಬೇಗ ಸವೆದು ಗ್ಯಾಪ್ ಮುಚ್ಚುತ್ತಾ ಬರುತ್ತದೆ, ಕಿಡಿ ತಡವಾಗುತ್ತಾ ಹೋಗುತ್ತದೆ, ಬೈಕ್ ದಿನಾ ಸ್ವಲ್ಪ ಸ್ವಲ್ಪ ಸೋಮಾರಿಯಾಗುತ್ತದೆ. ನಾವು ಕಾರ್ಬ್ಯುರೇಟರ್ ಬಿಚ್ಚುತ್ತಾ ಕೂರುತ್ತೇವೆ.

ನಟ್ಟು ಬೋಲ್ಟಿನಲ್ಲೂ ಇಂಥದ್ದೊಂದು ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಳೆ ಬ್ರಿಟಿಷ್ ಎಂಜಿನ್ನುಗಳ ಅಲ್ಯೂಮಿನಿಯಂ ಕೇಸಿನಲ್ಲಿ ವಿಟ್‌ವರ್ತ್ ಥ್ರೆಡ್ ಇರುತ್ತದೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟದ್ದು, ಹಲ್ಲಿನ ಕೋನ 55 ಡಿಗ್ರಿ. ಬ್ರಿಟನ್, ಅಮೆರಿಕ, ಕೆನಡಾ ಸೇರಿ 1948ರಲ್ಲಿ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ಡಿನದು 60 ಡಿಗ್ರಿ. ತಮಾಷೆ ಏನು ಅಂದರೆ 5/16 ಇಂಚಿನ ಬೋಲ್ಟ್ ತೆಗೆದುಕೊಂಡರೆ ವಿಟ್‌ವರ್ತಿನಲ್ಲೂ ಇಂಚಿಗೆ 18 ಹಲ್ಲು, ಯೂನಿಫೈಡ್ ದಪ್ಪ ಥ್ರೆಡ್ಡಿನಲ್ಲೂ 18 ಹಲ್ಲು. ಒಂದು ಇನ್ನೊಂದರೊಳಗೆ ತಿರುಗಿಕೊಂಡು ಹೋಗುತ್ತದೆ. ಬಿಗಿಯೂ ಆಗುತ್ತದೆ. ಆದರೆ ಹಲ್ಲಿನ ಇಡೀ ಮೈ ಕೂರುವುದಿಲ್ಲ, ಒಂದು ಗೆರೆಯಷ್ಟು ಜಾಗ ಮಾತ್ರ ತಾಗುತ್ತದೆ. ಎರಡು ಮೂರು ಸಲ ಬಿಚ್ಚಿ ಬಿಗಿ ಮಾಡಿದರೆ ಕೇಸಿನ ಹಲ್ಲು ಬೋಲ್ಟಿನ ಜೊತೆ ಸುರುಳಿಯಾಗಿ ಹೊರಗೆ ಬರುತ್ತದೆ. "ಇದೇ ಆಗುತ್ತೆ, ತಗೊಳ್ಳಿ" ಅಂತ ಕೊಡುವ ಸ್ಟಡ್ಡುಗಳಲ್ಲಿ (ತಲೆಯಿಲ್ಲದ ಬೋಲ್ಟ್) ಹೀಗಿರುವುದು ಎಷ್ಟೋ. ಆಯಿಲ್ ಸೀಲಿನಲ್ಲೂ ಇದೇ ಉದಾರತೆ. ಶಾಫ್ಟ್ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಸೀಲು 25ರದ್ದು. "ರಬ್ಬರ್ ತಾನೆ, ಹಿಗ್ಗುತ್ತೆ ಬಿಡಿ." ಹಿಗ್ಗುತ್ತದೆ, ಬಿಸಿಯೂ ಆಗುತ್ತದೆ, ತುಟಿ ಬೇಗ ಸುಟ್ಟು ಗಟ್ಟಿಯಾಗುತ್ತದೆ, ಆಮೇಲೆ ಎಣ್ಣೆ ತೊಟ್ಟಿಕ್ಕುತ್ತದೆ. ಹಳೆ ಬೈಕ್ ಅಂದ್ರೆ ಎಣ್ಣೆ ಸೋರಲೇಬೇಕು ಅಂತ ನಾವೂ ಸಮಾಧಾನ ಮಾಡಿಕೊಳ್ಳುತ್ತೇವೆ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಪಾರ್ಟುಗಳು ಇಲ್ಲದಿದ್ದರೆ ಎಷ್ಟೋ ಬೈಕುಗಳು ಗುಜರಿಗೆ ಹೋಗಿರುತ್ತಿದ್ದವು. ಒಳ್ಳೆಯದು ಮಾಡುವವರೂ ಇದ್ದಾರೆ. ಅವರು ಬೆಲೆ ಜಾಸ್ತಿ ಹೇಳುತ್ತಾರೆ, ತಿಂಗಳುಗಟ್ಟಲೆ ಕಾಯಿಸುತ್ತಾರೆ, ಫೋನ್ ಎತ್ತುವುದಿಲ್ಲ. ನಾವು ಎರಡು ವಾರ ಕಾದು, ಸಿಟ್ಟು ಬಂದು, ಅರ್ಧ ಬೆಲೆಯದನ್ನು ತರಿಸಿಕೊಳ್ಳುತ್ತೇವೆ. ಆ ಮೆತ್ತನೆ ಕ್ಯಾಮನ್ನು ನನ್ನ ಮೇಲೆ ಯಾರೂ ಹೇರಲಿಲ್ಲ. ಎರಡು ಕ್ಯಾಮ್ ಅಕ್ಕಪಕ್ಕ ಇದ್ದವು, ಕಮ್ಮಿಯದನ್ನು ಆರಿಸಿದ್ದು ನಾನೇ. ಹಣ ವಾಪಸ್ ಕೇಳಿದಾಗ ಮಾರಿದವರು "ಎಣ್ಣೆ ಸರಿಯಾಗಿ ಹಾಕಿರಲಿಕ್ಕಿಲ್ಲ" ಅಂದರು. ಅದು ಬೇರೆ ಮಾತು. ಕ್ಯಾಮಿನ ಬೆಲೆ ವಾಪಸ್ ಬಂದಿದ್ದರೂ ಉಕ್ಕಿನ ಪುಡಿ ತಿಂದ ಬೇರಿಂಗಿನ ಬೆಲೆ, ಎಣ್ಣೆ ಪಂಪಿನ ಬೆಲೆ, ಮತ್ತೆ ಬಿಚ್ಚಿ ಕಟ್ಟಿದ ಭಾನುವಾರಗಳು ಯಾರ ಲೆಕ್ಕಕ್ಕೆ?

ಈಗ ನನ್ನ ಕೆಲಸದ ಕ್ರಮ ನಿಧಾನ ಆಗಿದೆ. ಪಾರ್ಟ್ ಬಂದರೆ ನೇರವಾಗಿ ಎಂಜಿನ್ನಿಗೆ ಹೋಗಲ್ಲ, ಮೇಜಿಗೆ ಬರುತ್ತದೆ. ಹಳೆಯದನ್ನು ಪಕ್ಕದಲ್ಲಿಟ್ಟು ಅಳೆಯುತ್ತೇನೆ. ಕಂಚಿನ ಬುಷ್ ಆದರೆ ಬಣ್ಣ ನೋಡುತ್ತೇನೆ. ಒಳ್ಳೆ ಫಾಸ್ಫರ್ ಬ್ರಾಂಜ್ ಸ್ವಲ್ಪ ಕೆಂಪಗೆ ಇರುತ್ತದೆ, ನಿಂಬೆಹಣ್ಣಿನ ಹಳದಿ ಇದ್ದರೆ ಅದು ಹಿತ್ತಾಳೆ ಇರಬಹುದು ಅಂತ ಅನುಮಾನ. ಕ್ಲಚ್ ಸ್ಪ್ರಿಂಗುಗಳನ್ನು ಸಾಲಾಗಿ ಗಾಜಿನ ಮೇಲೆ ನಿಲ್ಲಿಸುತ್ತೇನೆ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಬ್ಬೊಬ್ಬರದು ಒಂದೊಂದು ಎತ್ತರ. ಬೇರಿಂಗಿನ ಮೇಲೆ ಸಿ3 ಅಂತ ಇರಬೇಕಾದ ಕಡೆ ಇದೆಯಾ ನೋಡುತ್ತೇನೆ. ಒಳಗೆ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿದ್ದಾರೆ ಅಂತ ಅದರ ಅರ್ಥ, ಬಿಸಿ ಕೇಸಿನಲ್ಲಿ ಬಿಗಿಯಾಗಿ ಕೂರುವ ಬೇರಿಂಗಿಗೆ ಆ ಸಡಿಲ ಬೇಕು. ಗೆಳೆಯನೊಬ್ಬ ಇದನ್ನೆಲ್ಲ ನೋಡಿ "ನೀನು ಬೈಕ್ ಕಟ್ತಾ ಇದೀಯೋ, ಹೆಣ್ಣು ನೋಡ್ತಾ ಇದೀಯೋ?" ಅಂತ ನಕ್ಕ.

ಹಳೆ ಕ್ಯಾಮನ್ನೇ ವಾಪಸ್ ಹಾಕಿದೆ, ಅದರ ಜೊತೆ ಇಷ್ಟು ವರ್ಷ ಉಜ್ಜಿಕೊಂಡಿದ್ದ ಅದೇ ಹಳೆ ಟ್ಯಾಪೆಟ್ಟಿನೊಂದಿಗೆ. ಜೋಡಿ ಒಡೆಯಬೇಡಿ ಅಂತ ಯಜಮಾನ್ರು ಎರಡು ಸಲ ಹೇಳಿದ್ದರು. ಗುಳಿಗಳ ಅಂಚನ್ನು ನುಣುಪು ಕಲ್ಲಿನಲ್ಲಿ ಅವರೇ ಮೆಲ್ಲಗೆ ಸವರಿ ಕೊಟ್ಟರು. ಆಮೇಲೆ ಟ್ಯಾಪೆಟ್ ಅಡ್ಜಸ್ಟ್ ಮಾಡಿದ್ದು ಒಂದೇ ಸಲ.

ಈ ವಾರ ಪಿಸ್ಟನ್ನಿನ ಹೊಸ ರಿಂಗ್ ಸೆಟ್ ಬಂದಿದೆ. ಬೋರಿಗೆ ರಿಂಗ್ ಹಾಕಿ, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ನೇರವಾಗಿ ಒಳಕ್ಕೆ ತಳ್ಳಿ, ರಿಂಗಿನ ಬಾಯಿಯ ಗ್ಯಾಪಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಬೇಕು. ಬೋರಿನ ಒಂದೊಂದು ಇಂಚಿಗೆ 3ರಿಂದ 4 ಥೌ ಅಂತ ಲೆಕ್ಕ, ನನ್ನ 70 ಮಿಲಿಮೀಟರ್ ಬೋರಿಗೆ ಹತ್ತು ಹನ್ನೊಂದು ಥೌ ಇದ್ದರೆ ಚೆಂದ. ಮೇಲಿನ ರಿಂಗ್ 11. ಎರಡನೆಯದಕ್ಕೆ 4ರ ಗೇಜ್ ಕೂಡ ಹೋಗಲಿಲ್ಲ. ಹಾಗೇ ಕಟ್ಟಿದ್ದರೆ ಬಿಸಿಯಾದಾಗ ಎರಡು ತುದಿಯೂ ಒಂದಕ್ಕೊಂದು ತಗುಲಿ ಬೋರನ್ನು ಗೀರುತ್ತಿತ್ತು. ರಿಂಗಿನ ತುದಿಯನ್ನು ವೈಸಿನಲ್ಲಿ ಮೆತ್ತಗೆ ಹಿಡಿದು ಸಣ್ಣ ಅರ ಎತ್ತಿಕೊಂಡಿದ್ದೇನೆ. ನಾಲ್ಕು ಎಳೆತ, ಒಂದು ಅಳತೆ. ಮತ್ತೆ ನಾಲ್ಕು ಎಳೆತ. ಈಗ 7ಕ್ಕೆ ಬಂದಿದೆ.